ಗಣಕದ ತಿರುಳಿನಲ್ಲಿ ದೋಷಶೋಧನದ ವಿಕಲ್ಪಗಳು: ಕರ್ಣಾಟಕದ ಒಂದು ಚರಿತ್ರಾಂಶ

೧. ಪೀಠಿಕೆ

ಕೋಲಾರದ ಸೀಮೆಯು ವಿದ್ವಾಂಸರಿಗೆ ಬಹುಕಾಲದಿಂದ ಎರಡು ಕಾರಣಗಳಿಂದ ಪರಿಚಿತವಾದುದು. ಒಂದು, ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ ಆ ಜಿಲ್ಲೆಯ ಶಾಸನಗಳು. ಇನ್ನೊಂದು, ೨೦೦೧ರಲ್ಲಿ ಮುಚ್ಚಿಹೋದ ಚಿನ್ನದ ಗಣಿಗಳು. ಕೋಲಾರದ ತಾಲ್ಲೂಕಿಗೆ ಸೇರಿದ ವೇಮಗಲ್ಲು ಈಚೆಗೆ ಮೂರನೆಯ ಕಾರಣವೊಂದನ್ನು ಒದಗಿಸಿದೆ. ಅಲ್ಲಿ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ ಸಂಸ್ಥೆಯವರ ಕಾರ್ಖಾನೆಯಲ್ಲಿ, ಸ್ಯಾಟೆಲಾಜಿಕ್ ಎಂಬ ವಿದೇಶೀ ಸಂಸ್ಥೆಯ ಸಹಯೋಗದಿಂದ, ‘ಟಿಸ್ಯಾಟ್-೧ಎ’ ಎಂಬ ಭೂವೀಕ್ಷಣದ ಉಪಗ್ರಹವು ಜೋಡಣೆಗೊಂಡಿತು. ಅದು ೨೦೨೪ರ ಏಪ್ರಿಲ್ ೭ರಂದು ಅಮೆರಿಕದ ಫ್ಲಾರಿಡದಿಂದ ಫಾಲ್ಕನ್-೯ ರಾಕೆಟ್ಟಿನ ಮೇಲೆ ಕಕ್ಷೆಗೆ ಏರಿತು.

ಉಪಗ್ರಹವೆಂಬುದು ಯಾವುದಾದರೂ ಆಗಲಿ, ಅದರ ಒಡಲಿನಲ್ಲಿ ಸಣ್ಣ ಗಣಕಗಳು ಅಡಗಿರುತ್ತವೆ. ಅದು ನೆಲವನ್ನು ಬಿಟ್ಟ ಬಳಿಕ ಯಾರ ಕೈಯೂ ಅದನ್ನು ಮುಟ್ಟಲಾರದು. ಒಳಗೆ ಏನಾದರೂ ಎಡವಟ್ಟಾದರೆ ಅದಕ್ಕೆ ಸಾಕ್ಷಿ ಹೇಳತಕ್ಕದ್ದು ಆ ಗಣಕವೇ. ಎಂತಹ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ಹೇಳಬೇಕೆಂಬುದನ್ನು ಮಾತ್ರ ಕಟ್ಟಿದವರು ಬಹುಮಟ್ಟಿಗೆ ಮುಂಚಿತವಾಗಿಯೇ ನಿಶ್ಚಯಿಸಿರಬೇಕು. ಶಾಸನದ ಸ್ಥಿತಿಯೂ ಇಂಥದೇ. ಕೆತ್ತಿಸಿದವರು ತಾವಿಲ್ಲದ ಕಾಲದ ಓದುಗನಿಗೆ ಏನು ತಿಳಿಯಬೇಕೆಂಬುದನ್ನು ಮೊದಲೇ ಎಣಿಸಿ ಕಲ್ಲಿಗೆ ಹಾಕಿಸಿದರು. ಕೆತ್ತದೆ ಬಿಟ್ಟುದನ್ನು ಕಲ್ಲು ಹೇಳಲಾರದು.

ಗಣಕಗಳಲ್ಲಿ ಈ ಮುನ್ನೆಣಿಕೆಗೆ ‘ದೋಷಶೋಧನದ ವಿಕಲ್ಪಗಳನ್ನು ಅಣಿಗೊಳಿಸುವುದು’ ಎಂದು ಹೆಸರಿಡಬಹುದು. ಇದು ಕುಶಲಕರ್ಮಿಗಳ ಸಾಮಾನ್ಯ ಕೆಲಸವೆಂದು ತೋರಿದರೂ ಇದಕ್ಕೆ ಒಂದು ಚರಿತ್ರೆಯುಂಟು, ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯವು ನಡೆದುದು ಬೆಂಗಳೂರಿನಲ್ಲಿ. ಲಿನಕ್ಸ್ ಎಂಬ ಪ್ರಸಿದ್ಧ ಕರ್ನೆಲ್ಲನ್ನೂ, ಸಣ್ಣ ಯಂತ್ರಗಳಲ್ಲಿ ಬಹುವಾಗಿ ಬಳಕೆಯಾಗುವ ‘ಆರ್ಮ್’ ಎಂಬ ಪ್ರೊಸೆಸರಿನ ಕುಲವನ್ನೂ ಆಧಾರವಾಗಿಟ್ಟುಕೊಂಡು ಆ ಚರಿತ್ರೆಯನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

೨. ತಿರುಳು ಮತ್ತು ವಿಕಲ್ಪ

ಗಣಕದಲ್ಲಿ ನಡೆಯುವ ಎಲ್ಲ ಕಾರ್ಯಕ್ರಮಗಳಿಗೂ ಯಂತ್ರದ ಲೋಹಭಾಗಕ್ಕೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಮೃತಿ, ಯಾರಿಗೆ ಯಾವಾಗ ಸರದಿ ಎಂಬುದನ್ನು ಹಂಚಿಕೊಡುವ ಮೂಲಕಾರ್ಯಕ್ರಮವೇ ಕರ್ನೆಲ್, ಎಂದರೆ ತಿರುಳು. ಹೊರಗಣ ಕಾರ್ಯಕ್ರಮವೊಂದು ಕೆಟ್ಟರೆ ತಿರುಳು ಅದನ್ನು ನಿಲ್ಲಿಸಿ ವರದಿಮಾಡಬಲ್ಲದು. ತಿರುಳೇ ಕೆಟ್ಟರೆ ವರದಿಮಾಡುವುದಕ್ಕೆ ಅದಕ್ಕಿಂತ ಮೇಲಿನವರು ಯಾರೂ ಇಲ್ಲ. ಮೇಜಿನ ಗಣಕದಲ್ಲಿ ಕಡೆಯ ಪಕ್ಷ ತೆರೆಯಾದರೂ ಇರುತ್ತದೆ. ಬೇರೊಂದು ಯಂತ್ರದ ಒಳಗೆ ಅಡಕವಾದ ಗಣಕಕ್ಕೆ ತೆರೆಯಿಲ್ಲ, ಕೀಲಿಮಣೆಯಿಲ್ಲ. ಅನೇಕ ವೇಳೆ ಮಾತನಾಡಲು ಒಂದು ತಂತಿ ಮಾತ್ರ ಇರುತ್ತದೆ.

ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ೧೯೯೧ರಲ್ಲಿ ಲಿನಕ್ಸನ್ನು ಬರೆದುದು ಇಂಟೆಲ್ ಸಂಸ್ಥೆಯ ೩೮೬ ಪ್ರೊಸೆಸರಿಗಾಗಿ. ಅದರ ಮೂಲಪಾಠವು ಎಲ್ಲರಿಗೂ ತೆರೆದಿದ್ದ ಕಾರಣ ಬೇಗನೆ ಬೇರೆ ಬೇರೆ ಪ್ರೊಸೆಸರುಗಳಿಗೆ ಹೊಂದಿಕೊಂಡಿತು. ಒಂದೊಂದು ಪ್ರೊಸೆಸರಿನ ಕುಲಕ್ಕೂ ತನ್ನದೇ ಆದ ಆಜ್ಞೆಗಳ ಭಾಷೆಯೂ ಅಂಗವಿನ್ಯಾಸವೂ ಇರುತ್ತವೆ. ಇದಕ್ಕೆ ‘ವಾಸ್ತು’ ಎಂದು ಹೆಸರು. ಇಂಗ್ಲೆಂಡಿನ ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆಯಲ್ಲಿ ೧೯೮೫ರಲ್ಲಿ ಹುಟ್ಟಿದ ಆರ್ಮ್ ವಾಸ್ತುವಿಗೆ ಲಿನಕ್ಸನ್ನು ಹೊಂದಿಸುವ ಕೆಲಸವನ್ನು ರಸೆಲ್ ಕಿಂಗ್ ಎಂಬವರು ೧೯೯೪ರಲ್ಲಿ ಆರಂಭಿಸಿದರು.

ವಾಸ್ತುಗಳೂ ಯಂತ್ರಗಳೂ ಹೆಚ್ಚಿದಂತೆ ಒಂದೇ ಮೂಲಪಾಠದಿಂದ ಹಲವು ಬಗೆಯ ತಿರುಳುಗಳನ್ನು ಕಟ್ಟಬೇಕಾಯಿತು. ಈ ಭಾಗ ಬೇಕೇ ಬೇಡವೇ ಎಂಬ ಪ್ರಶ್ನೆಗಳನ್ನು ಪಟ್ಟಿಮಾಡಿ, ಕಟ್ಟುವವನಿಂದ ಉತ್ತರಗಳನ್ನು ಪಡೆದು, ಆ ಉತ್ತರಗಳಿಗೆ ತಕ್ಕಂತೆ ತಿರುಳನ್ನು ರಚಿಸುವ ಏರ್ಪಾಡು ಬಂದಿತು. ಈ ಒಂದೊಂದು ಪ್ರಶ್ನೆಯೂ ಒಂದು ವಿಕಲ್ಪ. ವ್ಯಾಕರಣವನ್ನು ಬೋಧಿಸುವವರಿಗೆ ಈ ಮಾತು ಹೊಸದಲ್ಲ. ವಿಧಿಯೊಂದು ಒಂದು ಪಕ್ಷದಲ್ಲಿ ಪ್ರವರ್ತಿಸಿ ಇನ್ನೊಂದು ಪಕ್ಷದಲ್ಲಿ ಪ್ರವರ್ತಿಸದಿರುವುದೇ ವಿಕಲ್ಪ. ಎರಡು ಪಕ್ಷವೂ ಸಾಧು. ಆರಿಸುವ ಹೊಣೆ ಪ್ರಯೋಗಿಸುವವನದು.

ಮೊದಲು ಈ ಪ್ರಶ್ನೆಗಳು ವಾಸ್ತುವಿಗೊಂದರಂತೆ ಬೇರೆ ಬೇರೆ ಕಡತಗಳಲ್ಲಿ ಚದರಿದ್ದು, ಒಂದೇ ಪ್ರಶ್ನೆಯು ಹಲವೆಡೆ ಪುನರುಕ್ತವಾಗುತ್ತಿತ್ತು. ರೋಮನ್ ಜಿಪ್ಪೆಲ್ ಎಂಬವರು ರಚಿಸಿದ ‘ಕೆಕಾನ್ಫಿಗ್’ ಎಂಬ ಭಾಷೆಯು ೨೦೦೨ರ ಅಕ್ಟೋಬರಿನಲ್ಲಿ ೨.೫.೪೫ನೆಯ ಆವೃತ್ತಿಗೆ ಸೇರಿದ ಮೇಲೆ ಇದಕ್ಕೆ ಒಂದು ಕ್ರಮ ಬಂದಿತು. ಇದರಲ್ಲಿ ವಿಕಲ್ಪದ ಹೆಸರು, ಅದು ಅವಲಂಬಿಸುವ ಬೇರೆ ವಿಕಲ್ಪಗಳು, ಯಾರೂ ಏನೂ ಹೇಳದಿದ್ದಾಗ ಹಿಡಿಯಬೇಕಾದ ಪಕ್ಷ, ಕೊನೆಗೆ ಕೆಲವು ಸಾಲುಗಳ ವಿವರಣೆ, ಇಷ್ಟು ಇರುತ್ತವೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಕ್ಕೆ ತಾನೇ ವೃತ್ತಿಯನ್ನು ಬರೆದಂತೆ ಇಲ್ಲಿಯೂ ಸೂತ್ರಕಾರನೇ ವೃತ್ತಿಕಾರ. ಹೀಗೆ ಬೆಳೆದ ವಿಕಲ್ಪಗಳ ಸಂಖ್ಯೆಯು ಹತ್ತು ಸಾವಿರವನ್ನು ಮೀರಿದೆ. ಅವುಗಳಲ್ಲಿ ದೋಷಶೋಧನಕ್ಕೆ ಸಂಬಂಧಪಟ್ಟವನ್ನು ಬೇರೆಯಾಗಿ ಒಂದೆಡೆ ಸೇರಿಸಿದ್ದಾರೆ. ಎಲ್ಲ ವಾಸ್ತುಗಳಿಗೂ ಸಮಾನವಾದುವು ಒಂದು ಕಡತದಲ್ಲಿಯೂ ಒಂದೊಂದು ವಾಸ್ತುವಿಗೆ ವಿಶೇಷವಾದುವು ಆಯಾ ವಾಸ್ತುವಿನ ಕಡತದಲ್ಲಿಯೂ ಇರುತ್ತವೆ. ಸಾಮಾನ್ಯವಿಧಿ ಮತ್ತು ವಿಶೇಷವಿಧಿ ಎಂಬ ವಿಭಾಗವೇ ಇದು.

೩. ಸಿಂಪ್ಯೂಟರಿನ ಕಾಲದ ಆರ್ಮ್

ಕರ್ಣಾಟಕದಲ್ಲಿ ಆರ್ಮ್ ವಾಸ್ತುವಿನ ಮೇಲೆ ಲಿನಕ್ಸನ್ನು ನಿಲ್ಲಿಸಿ ಜನರ ಕೈಗೆ ಕೊಡುವ ಯತ್ನಗಳಲ್ಲಿ ಪ್ರಸಿದ್ಧವಾದುದು ಸಿಂಪ್ಯೂಟರ್. ೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಇದರ ಕಲ್ಪನೆ ಮೂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರೂ, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ, ಮಾರ್ಕ್ ಮಥಾಯಸ್, ಶಶಾಂಕ್ ಗರ್ಗ್ ಎಂಬ ಮೂವರೂ ಸೇರಿ ಇದನ್ನು ರೂಪಿಸಿದರು. ಮಾದರಿಯು ೨೦೦೧ರ ಏಪ್ರಿಲಿನಲ್ಲಿ ಬೆಳಕಿಗೆ ಬಂದಿತು. ಸುಮಾರು ೯,೦೦೦ ರೂಪಾಯಿಗೆ ಹಳ್ಳಿಯ ಜನಕ್ಕೂ ಎಟಕುವ ಕೈಗಣಕವೊಂದನ್ನು ಒದಗಿಸುವುದು ಇವರ ಗುರಿಯಾಗಿತ್ತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ ‘ಅಮಿಡ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂದಿತು. ಎಣಿಸಿದಷ್ಟು ಮಾರಾಟವಾಗಲಿಲ್ಲ.

ಈ ಯಂತ್ರದ ಹೃದಯದಲ್ಲಿ ಇದ್ದುದು ಆರ್ಮ್ ಕುಲಕ್ಕೆ ಸೇರಿದ ‘ಸ್ಟ್ರಾಂಗ್‌ಆರ್ಮ್’ ಎಂಬ ಪ್ರೊಸೆಸರು. ಅಕ್ಷರಜ್ಞಾನವಿಲ್ಲದವರೂ ಬಳಸುವಂತಾಗಲೆಂದು ಇದಕ್ಕಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ‘ಧ್ವನಿ’ ಎಂಬ ಕಾರ್ಯಕ್ರಮವನ್ನು ರಚಿಸಿದರು. ಅದು ಬರೆದುದನ್ನು ದೇಶಭಾಷೆಗಳಲ್ಲಿ ಓದಿ ಹೇಳುತ್ತಿತ್ತು. ಇಲ್ಲಿ ಒಂದು ವಿಷಯವು ಗಮನಾರ್ಹ. ಬಳಸುವವನಿಗೆ ಮಾತನಾಡಿ ಹೇಳುವಂತೆ ಯಂತ್ರಕ್ಕೆ ಬಾಯಿ ಕೊಟ್ಟರು. ಆದರೆ ಅದೇ ಯಂತ್ರದ ತಿರುಳು, ಧ್ವನಿಯೂ ತೆರೆಯೂ ಎಚ್ಚರಗೊಳ್ಳುವುದಕ್ಕೆ ಮೊದಲೇ ಎಡವಿ ಬಿದ್ದರೆ, ಅದು ಯಾರಿಗೆ ಏನು ಹೇಳಬೇಕು?

ಇದಕ್ಕೆ ಆರ್ಮ್ ವಾಸ್ತುವಿನ ವಿಶೇಷ ಕಡತದಲ್ಲಿ ದೊರೆಯುವ ಉತ್ತರವು ‘ಡೀಬಗ್ ಎಲ್‌ಎಲ್’ ಎಂಬ ವಿಕಲ್ಪ. ಎಲ್‌ಎಲ್ ಎಂಬುದು ‘ಕೆಳಮಟ್ಟದ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಸಂಕ್ಷೇಪ. ತಿರುಳು ಏಳುವಾಗ ಮೊದಲು ಸ್ಮೃತಿಯನ್ನು ಸರಿಪಡಿಸಿಕೊಂಡು, ಆಮೇಲೆ ಒಂದೊಂದೇ ಉಪಕರಣವನ್ನು ಎಬ್ಬಿಸುತ್ತದೆ. ಸಂದೇಶಗಳನ್ನು ಹೊರಗೆ ಕಳುಹಿಸುವ ಏರ್ಪಾಡು ಬರುವ ವೇಳೆಗೆ ಎಷ್ಟೋ ಕೆಲಸ ನಡೆದುಹೋಗಿರುತ್ತದೆ. ಆ ಮೊದಲ ಕ್ಷಣಗಳಲ್ಲಿ ಬಿದ್ದ ತಿರುಳು ಮೂಕವಾಗಿಯೇ ಬೀಳುತ್ತದೆ. ಡೀಬಗ್ ಎಲ್‌ಎಲ್ ವಿಕಲ್ಪವನ್ನು ಒಪ್ಪಿಕೊಂಡರೆ, ಆ ಏರ್ಪಾಡನ್ನು ಕಾಯದೆ, ಸರಣಿತಂತಿಯ ವಿದ್ಯುದ್ಭಾಗಕ್ಕೆ ನೇರವಾಗಿ ಅಕ್ಷರಗಳನ್ನು ನೂಕುವ ಕೆಲವು ಸಣ್ಣ ಆಜ್ಞಾಗುಚ್ಛಗಳು ತಿರುಳಿನೊಳಕ್ಕೆ ಸೇರುತ್ತವೆ. ಅದಕ್ಕೆ ಒಂದು ಬೆಲೆಯುಂಟು. ಆ ವಿದ್ಯುದ್ಭಾಗವು ಯಾವ ವಿಳಾಸದಲ್ಲಿದೆ ಎಂಬುದನ್ನು ಕಟ್ಟುವಾಗಲೇ ಹೇಳಬೇಕು. ಒಂದು ಯಂತ್ರದ ವಿಳಾಸವನ್ನು ಹೇಳಿ ಕಟ್ಟಿದ ತಿರುಳನ್ನು ಬೇರೊಂದು ಯಂತ್ರದಲ್ಲಿ ಇಟ್ಟರೆ, ದೋಷವನ್ನು ಹೇಳಬೇಕಾದ ಭಾಗವೇ ದೋಷಕ್ಕೆ ಕಾರಣವಾಗಿ ಯಂತ್ರವು ಏಳದೆ ಹೋಗಬಹುದು.

ಎರಡನೆಯದು ‘ಫ್ರೇಮ್ ಪಾಯಿಂಟರ್’. ಒಂದು ಕಾರ್ಯವು ಇನ್ನೊಂದನ್ನು ಕರೆದು, ಅದು ಮತ್ತೊಂದನ್ನು ಕರೆದು, ಕೊನೆಯದು ಕೆಟ್ಟಾಗ, ಯಾರು ಯಾರನ್ನು ಕರೆದರೆಂಬ ಪರಂಪರೆಯನ್ನು ಹಿಂದಕ್ಕೆ ಎಣಿಸಲು ಪ್ರತಿಯೊಂದು ಕರೆಯಲ್ಲಿಯೂ ಒಂದು ಗುರುತನ್ನು ಬಿಟ್ಟುಹೋಗಬೇಕು. ಗುರುತು ಬೇಡವೆಂದರೆ ತಿರುಳು ಸ್ವಲ್ಪ ಚಿಕ್ಕದೂ ವೇಗದ್ದೂ ಆಗುತ್ತದೆ. ಕೆಟ್ಟ ದಿನ ಸಿಗುವ ವರದಿಯೂ ಅಷ್ಟೇ ಬಡವಾಗುತ್ತದೆ. ವೃತ್ತಿಕಾರರು ಗುರುತನ್ನು ಇಟ್ಟುಕೊಳ್ಳುವುದೇ ಲೇಸೆಂದು ಸಲಹೆಮಾಡಿದ್ದಾರೆ. ೨೦೦೯ರಲ್ಲಿ ಕೇಂಬ್ರಿಜ್ಜಿನ ಕ್ಯಾಟಲಿನ್ ಮರಿನಾಸ್ ಅವರು ಗುರುತುಗಳಿಗೆ ಬದಲಾಗಿ ಪ್ರತ್ಯೇಕ ಕೋಷ್ಟಕಗಳಿಂದ ಪರಂಪರೆಯನ್ನು ಎಣಿಸುವ ವಿಕಲ್ಪವನ್ನು ಆರ್ಮ್‌ಗೆ ತಂದರು. ಆಗ ಓಟದ ವೆಚ್ಚ ತಗ್ಗಿ ಸ್ಮೃತಿಯ ವೆಚ್ಚ ಏರಿತು. ಮೂರನೆಯದು ‘ಡೀಬಗ್ ಯೂಸರ್’. ಹೊರಗಣ ಕಾರ್ಯಕ್ರಮವು ಬಿದ್ದಾಗ ಅದಕ್ಕೆ ಕಾರಣವಾದ ತಪ್ಪೇನೆಂಬುದನ್ನು ತಿರುಳು ಚಿಕ್ಕದಾಗಿ ಹೇಳುವಂತೆ ಮಾಡುವುದು ಇದರ ಕೆಲಸ.

೪. ನೋಟದ ಬೆಲೆ

ಈ ವಿಕಲ್ಪಗಳನ್ನೆಲ್ಲ ಒಪ್ಪಿಕೊಂಡುಬಿಟ್ಟರೆ ಆಗದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿದರೆ ಆಗದೆಂಬುದು ತಿಳಿಯುತ್ತದೆ. ಸರಣಿತಂತಿಯ ಸಾಮಾನ್ಯ ವೇಗವು ಸೆಕೆಂಡಿಗೆ ೧,೧೫,೨೦೦ ಬಿಟ್ಟುಗಳು. ಒಂದು ಅಕ್ಷರಕ್ಕೆ ಹತ್ತು ಬಿಟ್ಟುಗಳಂತೆ ಸೆಕೆಂಡಿಗೆ ೧೧,೫೨೦ ಅಕ್ಷರಗಳು. ಎಂಬತ್ತು ಅಕ್ಷರಗಳ ಒಂದು ಸಾಲನ್ನು ಹೊರಗೆ ಹಾಕಲು ಸುಮಾರು ೭ ಮಿಲಿಸೆಕೆಂಡು ಹಿಡಿಯುತ್ತದೆ. ಸಿಂಪ್ಯೂಟರಿನಂಥ ಯಂತ್ರದ ೨೦೬ ಮೆಗಾಹರ್ಟ್ಸಿನ ಪ್ರೊಸೆಸರಿಗೆ ಇದು ೧೪ ಲಕ್ಷಕ್ಕೂ ಹೆಚ್ಚಿನ ತುಡಿತಗಳ ಕಾಲ. ಸಂದೇಶಗಳನ್ನು ಕಳುಹಿಸದೆ ಒಳಗೇ ಕೂಡಿಡೋಣವೆಂದರೆ ಅದಕ್ಕೂ ಸ್ಮೃತಿ ಬೇಕು. ದಿನಚರಿಯ ಉಗ್ರಾಣವು ಎಷ್ಟಿರಬೇಕೆಂಬುದೂ ಒಂದು ವಿಕಲ್ಪವೇ. ಅದರ ಅಳತೆಯನ್ನು ಎರಡರ ಘಾತವಾಗಿ ಹೇಳುತ್ತಾರೆ: ೧೪ ಎಂದರೆ ೧೬ ಕಿಲೋಬೈಟು, ೧೭ ಎಂದರೆ ೧೨೮ ಕಿಲೋಬೈಟು. ಉಗ್ರಾಣ ತುಂಬಿದ ಮೇಲೆ ಹೊಸದು ಹಳೆಯದನ್ನು ಅಳಿಸುತ್ತ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದುಂಟು. ಎರಡು ಕಾರ್ಯಗಳು ಒಂದೇ ವಸ್ತುವಿಗೆ ಒಂದೇ ಗಳಿಗೆಯಲ್ಲಿ ಕೈಹಾಕುವುದರಿಂದ ಹುಟ್ಟುವ ದೋಷವು ಕಾಲದ ಕೂಡಿಕೆಯನ್ನು ಅವಲಂಬಿಸಿರುತ್ತದೆ. ನೋಡುವುದಕ್ಕಾಗಿ ೭ ಮಿಲಿಸೆಕೆಂಡಿನ ಸಾಲೊಂದನ್ನು ನಡುವೆ ಸೇರಿಸಿದರೆ ಆ ಕೂಡಿಕೆಯೇ ತಪ್ಪಿ ದೋಷವು ಮಾಯವಾಗುತ್ತದೆ. ಸಾಲನ್ನು ತೆಗೆದರೆ ಮರಳಿ ಬರುತ್ತದೆ. ಭೌತವಿಜ್ಞಾನಿ ಹೈಸನ್‌ಬರ್ಗರ ಹೆಸರನ್ನು ತಿರುಚಿ ಇಂಥ ದೋಷಕ್ಕೆ ‘ಹೈಸನ್‌ಬಗ್’ ಎಂದು ಹೆಸರಿಟ್ಟಿದ್ದಾರೆ. ಆದುದರಿಂದ, ಪರೀಕ್ಷೆಗಾಗಿ ಎಲ್ಲ ವಿಕಲ್ಪಗಳನ್ನೂ ಹೊತ್ತ ತಿರುಳೊಂದು, ಲೋಕಕ್ಕೆ ಕೊಡುವುದಕ್ಕೆ ಎಲ್ಲವನ್ನೂ ಕಳಚಿದ ತಿರುಳೊಂದು ಎಂದು ಎರಡು ಮಾಡಿಕೊಂಡರೆ, ಪರೀಕ್ಷಿತವಾದುದು ಒಂದು, ಕೊಟ್ಟುದು ಮತ್ತೊಂದು ಎಂಬ ಆಕ್ಷೇಪಕ್ಕೆ ಎಡೆಯಾಗುತ್ತದೆ.

ಈ ಆಕ್ಷೇಪದ ತೂಕವನ್ನು ಲೋಕಕ್ಕೆ ತೋರಿಸಿದುದು ೧೯೯೭ರ ಪಾತ್‌ಫೈಂಡರ್ ಪ್ರಸಂಗ. ಆ ವರ್ಷದ ಜುಲೈ ೪ರಂದು ಮಂಗಳಗ್ರಹದ ಮೇಲೆ ಇಳಿದ ಅಮೆರಿಕದ ಆ ನೌಕೆಯ ಗಣಕವು ಕೆಲವು ದಿನಗಳಲ್ಲಿಯೇ ಮತ್ತೆ ಮತ್ತೆ ತಾನಾಗಿ ನಿಂತು ಏಳತೊಡಗಿತು. ಅದರ ತಿರುಳು ಲಿನಕ್ಸಲ್ಲ, ‘ವಿಎಕ್ಸ್‌ವರ್ಕ್ಸ್’ ಎಂಬುದು. ಹವೆಯನ್ನು ಅಳೆಯುವ ಕೆಳದರ್ಜೆಯ ಕಾರ್ಯವು ಒಂದು ಬೀಗವನ್ನು ಹಿಡಿದಿರುವಾಗ ಮಧ್ಯಮದರ್ಜೆಯ ಕಾರ್ಯವು ಅದನ್ನು ಬದಿಗೊತ್ತಿ ಓಡುತ್ತಿತ್ತು. ಅದೇ ಬೀಗಕ್ಕಾಗಿ ಕಾದ ಉಚ್ಚದರ್ಜೆಯ ಕಾರ್ಯವು ಗಡುವು ತಪ್ಪುತ್ತಿತ್ತು. ಕಾವಲು ಗಡಿಯಾರವು ಇದನ್ನು ಕಂಡು ಯಂತ್ರವನ್ನೇ ಮರಳಿ ಎಬ್ಬಿಸುತ್ತಿತ್ತು. ನೌಕೆಯ ಗಣಕದಲ್ಲಿ ದೋಷಶೋಧನದ ಸಲಕರಣೆಗಳನ್ನು ಕಳಚದೆ ಹಾಗೆಯೇ ಬಿಟ್ಟಿದ್ದರು. ನೆಲದ ಮೇಲಿದ್ದ ಪ್ರತಿರೂಪದಲ್ಲಿ ಅವುಗಳ ನೆರವಿನಿಂದಲೇ ಘಟನೆಗಳ ಜಾಡನ್ನು ಹಿಡಿದು ಇಂಜಿನಿಯರುಗಳು ಕಾರಣವನ್ನು ಕಂಡರು. ಬೀಗವನ್ನು ಹಿಡಿದವನಿಗೆ ಕಾಯುವವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ವಿಕಲ್ಪವೊಂದು ಆ ತಿರುಳಿನಲ್ಲಿ ಇದ್ದೇ ಇತ್ತು, ಅದನ್ನು ಒಪ್ಪಿರಲಿಲ್ಲ. ಭೂಮಿಯಿಂದ ಸಂದೇಶವನ್ನು ಕಳುಹಿಸಿ ಅದನ್ನು ಒಪ್ಪಿಸಿದ ಮೇಲೆ ತೊಂದರೆ ನಿಂತಿತು.

೫. ಬೆಂಗಳೂರಿನ ಏಷಣಿ

ಹೀಗೆ, ವಿಕಲ್ಪವನ್ನು ಒಪ್ಪಿದರೆ ಸದಾ ವೆಚ್ಚ, ಒಪ್ಪದಿದ್ದರೆ ಆಪತ್ತಿನಲ್ಲಿ ಮೌನ. ಈ ಇಕ್ಕಟ್ಟಿಗೆ ಒಂದು ಪರಿಹಾರವೆಂದರೆ, ನಿರ್ಧಾರದ ಕಾಲವನ್ನೇ ಮುಂದಕ್ಕೆ ಹಾಕುವುದು. ಏನನ್ನು ನೋಡಬೇಕೆಂಬುದನ್ನು ಕಟ್ಟುವ ದಿನ ಹೇಳದೆ, ತಿರುಳು ಓಡುತ್ತಿರುವಾಗಲೇ ಹೇಳುವಂತಾದರೆ, ನೋಡದೆ ಇರುವಾಗ ವೆಚ್ಚವು ಇಲ್ಲವೆಂಬಷ್ಟು ಕಡಮೆಯಾಗುತ್ತದೆ. ಈ ಪರಿಹಾರವನ್ನು ಲಿನಕ್ಸಿಗೆ ಒದಗಿಸಿದ ‘ಕೆಪ್ರೋಬ್ಸ್’ ಎಂಬ ವಿಕಲ್ಪದ ರಚನೆಯು ನಡೆದುದು ಬೆಂಗಳೂರಿನ ಐಬಿಎಂ ಸಂಸ್ಥೆಯ ಲಿನಕ್ಸ್ ಕೇಂದ್ರದಲ್ಲಿ. ಪ್ರೋಬ್ ಎಂದರೆ ಒಳಗನ್ನು ಶೋಧಿಸುವ ಸಲಾಕೆ. ಸುಶ್ರುತಸಂಹಿತೆಯು ಹೇಳುವ ಯಂತ್ರಶಸ್ತ್ರಗಳಲ್ಲಿ ಹುಣ್ಣಿನ ಆಳವನ್ನು ಅರಸುವ ‘ಏಷಣಿ’ಯನ್ನು ಇದಕ್ಕೆ ಹೋಲಿಸಬಹುದು.

ಇದರ ಪೂರ್ವಚರಿತ್ರೆ ಇಂಗ್ಲೆಂಡಿನದು. ಐಬಿಎಂ ಸಂಸ್ಥೆಯ ಓಎಸ್-೨ ಎಂಬ ಹಳೆಯ ವ್ಯವಸ್ಥೆಯಲ್ಲಿ ಇದ್ದ ಇಂಥ ಸಲಕರಣೆಯನ್ನು ಅನುಸರಿಸಿ ರಿಚರ್ಡ್ ಮೂರ್ ಅವರ ತಂಡವು ೨೦೦೦ದಲ್ಲಿ ಲಿನಕ್ಸಿಗಾಗಿ ‘ಡಿಪ್ರೋಬ್ಸ್’ ಎಂಬುದನ್ನು ಹೊರತಂದಿತು. ಅದು ದೊಡ್ಡ ಗಾತ್ರದ್ದಾಗಿದ್ದು ಮೂಲಪಾಠಕ್ಕೆ ಸೇರಲಿಲ್ಲ. ಅದರ ಸಾರವಾದ ಕಿರಿಯ ಭಾಗವನ್ನು ಬೇರ್ಪಡಿಸಿ ರೂಪಿಸಿದುದೇ ಕೆಪ್ರೋಬ್ಸ್.

ಇದರ ಕರ್ತೃತ್ವಕ್ಕೆ ಆಧಾರವು ಆ ಕಡತದ ಶಿರೋಭಾಗದಲ್ಲಿಯೇ ಇದೆ. ಹಸ್ತಪ್ರತಿಯ ಕೊನೆಯಲ್ಲಿ ಪುಷ್ಪಿಕೆಯು ಲಿಪಿಕಾರನ ಹೆಸರನ್ನೂ ಕಾಲವನ್ನೂ ಹೇಳುವಂತೆ, ಲಿನಕ್ಸಿನ ಎಷ್ಟೋ ಕಡತಗಳ ಮೊದಲಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ಒಕ್ಕಣೆಯಿರುತ್ತದೆ. ಕೆಪ್ರೋಬ್ಸ್ ಕಡತದ ಒಕ್ಕಣೆಯಂತೆ, ೨೦೦೨ರ ಅಕ್ಟೋಬರಿನಲ್ಲಿ ಇದನ್ನು ಮೊದಲು ರಚಿಸಿದವರು ವಂಶಿಕೃಷ್ಣ ಎಸ್. ಅವರು. ೨೦೦೪ರ ಜುಲೈಯಲ್ಲಿ ಸುಪರ್ಣ ಭಟ್ಟಾಚಾರ್ಯ ಅವರು, ಕಾರ್ಯವೊಂದಕ್ಕೆ ಕೊಟ್ಟ ಅರ್ಥಾಂಶಗಳನ್ನು ಓದುವ ಭಾಗವನ್ನು ಸೇರಿಸಿದರು. ಅದೇ ವರ್ಷದ ಆಗಸ್ಟಿನಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಪ್ರಸನ್ನ ಎಸ್. ಪಂಚಮುಖಿ ಅವರು ಇದನ್ನು ಪರಿಷ್ಕರಿಸಿದರು. ರಸ್ಟಿ ರಸೆಲ್, ಆಂಡಿ ಕ್ಲೀನ್ ಎಂಬ ಹೊರನಾಡಿನ ತಿರುಳುಕಾರರ ಸಲಹೆಗಳನ್ನೂ ಒಕ್ಕಣೆಯು ಸ್ಮರಿಸುತ್ತದೆ. ಪರಿಷ್ಕೃತ ಪಾಠವು ೨೦೦೪ರಲ್ಲಿ ೨.೬.೯ನೆಯ ಆವೃತ್ತಿಗೆ ಸೇರಿತು. ಅದೇ ವರ್ಷ ಅನಂತ್ ಮಾವಿನಕಾಯನಹಳ್ಳಿ ಅವರು ಇದನ್ನು ೬೪-ಬಿಟ್ಟಿನ ಪವರ್‌ಪಿಸಿ ವಾಸ್ತುವಿಗೆ ಹೊಂದಿಸಿದರು. ಬೆಂಗಳೂರಿನಲ್ಲಿ ನಡೆದುದೆಲ್ಲ ಬೇರೆಯವರು ಹೇಳಿಕೊಟ್ಟ ಕೂಲಿಯ ಕೆಲಸವೆಂಬ ಮಾತು ಆಗಾಗ ಕೇಳಿಬರುತ್ತದೆ. ಈ ಒಕ್ಕಣೆಯನ್ನು ಓದಿದವರು ಆ ಮಾತನ್ನು ಹಾಗೆಯೇ ಒಪ್ಪಲಾರರು. ಹಾಗೆಂದು, ಎಲ್ಲವೂ ಇಲ್ಲಿಯೇ ಹುಟ್ಟಿತೆನ್ನುವುದೂ ಪ್ರಮಾಣವಿರುದ್ಧ. ಬೀಜವು ಇಂಗ್ಲೆಂಡಿನದು, ಸಲಹೆಗಳು ಹಲವು ದೇಶಗಳವು, ಲಿನಕ್ಸಿನಲ್ಲಿ ನೆಲೆನಿಂತ ರೂಪವು ಬೆಂಗಳೂರಿನದು.

ಕೆಪ್ರೋಬ್ಸಿನ ಕ್ರಮವು ಸರಳ. ಓಡುತ್ತಿರುವ ತಿರುಳಿನಲ್ಲಿ ನೋಡಬೇಕೆಂದ ಜಾಗದ ಆಜ್ಞೆಯನ್ನು ಎತ್ತಿ ಬದಿಗಿಟ್ಟು, ಅಲ್ಲಿ ‘ನಿಲ್ಲು’ ಎಂಬ ಆಜ್ಞೆಯನ್ನು ಕೂರಿಸುತ್ತಾರೆ. ಪ್ರೊಸೆಸರು ಅಲ್ಲಿಗೆ ಬಂದಾಗ ತಡೆದು, ಶೋಧಕನು ಕೊಟ್ಟ ಕಾರ್ಯವನ್ನು ನಡೆಸಿ, ಬೇಕಾದುದನ್ನು ಬರೆದುಕೊಂಡು, ಬದಿಗಿಟ್ಟ ಮೂಲ ಆಜ್ಞೆಯನ್ನು ಒಂದೇ ಹೆಜ್ಜೆಯಾಗಿ ನಡೆಸಿ, ಮುಂದಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಮೂಲ ಆಜ್ಞೆಯನ್ನು ಸ್ವಸ್ಥಾನದಲ್ಲಿ ಇಡುತ್ತಾರೆ. ಇಂಟೆಲ್ ವಾಸ್ತುವಿನಲ್ಲಿ ‘ಒಂದೇ ಹೆಜ್ಜೆ’ ಇಡಿಸಲು ಪ್ರೊಸೆಸ್ಸರಿನಲ್ಲಿಯೇ ಅನುಕೂಲವಿತ್ತು. ಆರ್ಮ್‌ನಲ್ಲಿ ತಿರುಳಿಗೆ ಅಂಥ ಅನುಕೂಲವಿರಲಿಲ್ಲ. ಒಂದೊಂದು ಬಗೆಯ ಆಜ್ಞೆಯನ್ನೂ ಬಿಡಿಸಿ ಓದಿ ಅದರ ಪರಿಣಾಮವನ್ನು ಅನುಕರಿಸಬೇಕಾಯಿತು. ಆದಕಾರಣ ಆರ್ಮ್ ವಾಸ್ತುವಿಗೆ ಈ ವಿಕಲ್ಪವು ಬಂದುದು ತಡವಾಗಿ, ೨೦೦೮ರ ೨.೬.೨೫ನೆಯ ಆವೃತ್ತಿಯಲ್ಲಿ, ಅಭಿಷೇಕ್ ಸಾಗರ್ ಮತ್ತು ನಿಕೊಲಾಸ್ ಪಿಟ್ರೆ ಅವರ ಶ್ರಮದಿಂದ.

ಇದೇ ಕಾಲದಲ್ಲಿ ಬೇರೆರಡು ಮಾರ್ಗಗಳೂ ಬೆಳೆದವು. ತಿರುಳನ್ನು ನಿಲ್ಲಿಸಿ ಇನ್ನೊಂದು ಗಣಕದಿಂದ ಹೆಜ್ಜೆಹೆಜ್ಜೆಯಾಗಿ ನೋಡುವ ‘ಕೆಜಿಡಿಬಿ’ ಎಂಬುದನ್ನು ಪುಣೆಯ ಅಮಿತ್ ಕಾಳೆ ಮೊದಲಾದವರು ವರ್ಷಗಟ್ಟಲೆ ಮೂಲಪಾಠದ ಹೊರಗೆ ಪೋಷಿಸಿದರು. ಇಂಥ ಸಲಕರಣೆಯು ಮೂಲಪಾಠವನ್ನು ಎಚ್ಚರದಿಂದ ಓದುವ ಅಭ್ಯಾಸವನ್ನು ಕೆಡಿಸುತ್ತದೆಂಬುದು ಟೊರ್ವಾಲ್ಡ್ಸರ ಪ್ರಸಿದ್ಧವಾದ ಅಭಿಪ್ರಾಯವಾಗಿತ್ತು. ಆದರೂ ಕೊನೆಗೆ ೨೦೦೮ರಲ್ಲಿ, ಜೇಸನ್ ವೆಸ್ಸೆಲ್ ಅವರ ಪರಿಷ್ಕರಣದ ಬಳಿಕ, ೨.೬.೨೬ನೆಯ ಆವೃತ್ತಿಗೆ ಅದು ಸೇರಿತು. ಎರಡನೆಯದು ‘ಕೆಡಂಪ್’. ಸ್ಮೃತಿಯ ಒಂದು ಭಾಗದಲ್ಲಿ ಎರಡನೆಯ ತಿರುಳೊಂದನ್ನು ಮುಂಚೆಯೇ ಕಾಯ್ದಿರಿಸಿ, ಮೊದಲನೆಯದು ಬಿದ್ದಾಗ ಅದು ಎದ್ದು, ಬಿದ್ದವನ ಸ್ಮೃತಿಯನ್ನು ಇದ್ದಂತೆಯೇ ಬರೆದಿಡುವ ಏರ್ಪಾಡು ಇದು. ೨೦೦೫ರಲ್ಲಿ ೨.೬.೧೩ನೆಯ ಆವೃತ್ತಿಗೆ ಸೇರಿದ ಈ ರಚನೆಯಲ್ಲಿ ಬೆಂಗಳೂರಿನ ಅದೇ ಕೇಂದ್ರದ ಹರಿಪ್ರಸಾದ್ ನೆಲ್ಲಿತೀರ್ಥ ಅವರ ಪಾತ್ರವು ಮುಖ್ಯ.

೬. ಬಳಿಕ ಬಂದ ವಿಕಲ್ಪಗಳು

ಇಲ್ಲಿಂದ ಮುಂದೆ ದೋಷಶೋಧನದ ವಿಕಲ್ಪಗಳು ಎರಡು ದಿಕ್ಕಿನಲ್ಲಿ ಬೆಳೆದವು. ಮೊದಲನೆಯದು, ವೆಚ್ಚವನ್ನು ಲೆಕ್ಕಿಸದೆ ದೋಷವನ್ನು ಕಂಡೇ ತೀರಬೇಕೆಂಬ ಪ್ರಯೋಗಶಾಲೆಯ ದಾರಿ. ಬೀಗಗಳನ್ನು ತಪ್ಪು ಕ್ರಮದಲ್ಲಿ ಹಿಡಿಯುವುದನ್ನು ಪತ್ತೆಮಾಡುವ ‘ಲಾಕ್‌ಡೆಪ್’ ೨೦೦೬ರಲ್ಲಿಯೂ, ಪಡೆದು ಹಿಂದಿರುಗಿಸದ ಸ್ಮೃತಿಯನ್ನು ಹುಡುಕುವ ‘ಕೆಮೆಮ್‌ಲೀಕ್’ ೨೦೦೯ರಲ್ಲಿಯೂ, ತನ್ನದಲ್ಲದ ಸ್ಮೃತಿಗೆ ಕೈಹಾಕುವುದನ್ನು ಹಿಡಿಯುವ ‘ಕಾಸನ್’ ೨೦೧೫ರಲ್ಲಿಯೂ ಬಂದವು. ಇವುಗಳಲ್ಲಿ ಕೊನೆಯದು ತನ್ನ ಲೆಕ್ಕಪುಸ್ತಕಕ್ಕೆಂದೇ ಸ್ಮೃತಿಯ ಎಂಟನೆಯ ಒಂದು ಭಾಗವನ್ನು ಕೇಳುತ್ತದೆ. ೬೪-ಬಿಟ್ಟಿನ ಆರ್ಮ್‌ಗೆ ಅದು ಬೇಗನೆ ದೊರೆಯಿತು. ಇಕ್ಕಟ್ಟಾದ ೩೨-ಬಿಟ್ಟಿನ ಆರ್ಮ್‌ಗೆ ಮಾತ್ರ ೨೦೨೧ರವರೆಗೆ ಕಾಯಬೇಕಾಯಿತು.

ಎರಡನೆಯದು, ಜನರ ಕೈಯಲ್ಲಿರುವ ಯಂತ್ರದಲ್ಲಿಯೂ ಇಟ್ಟುಕೊಳ್ಳಬಹುದಾದ ಅಗ್ಗದ ಸಾಕ್ಷಿಯ ದಾರಿ. ೨೦೨೧ರಲ್ಲಿ ೫.೧೨ನೆಯ ಆವೃತ್ತಿಗೆ ಸೇರಿದ ‘ಕೆಫೆನ್ಸ್’ ಎಲ್ಲವನ್ನೂ ನೋಡುವುದಿಲ್ಲ. ಆಗಾಗ ಒಂದನ್ನು ಆರಿಸಿ ನೋಡುತ್ತದೆ. ಒಂದೇ ಯಂತ್ರದಲ್ಲಿ ಅದರ ಕಣ್ಣಿಗೆ ದೋಷ ಬೀಳುವುದು ಅಪರೂಪವಾದರೂ, ಸಾವಿರಾರು ಯಂತ್ರಗಳು ಬಹುಕಾಲ ಓಡುವಾಗ ಎಲ್ಲೋ ಒಂದೆಡೆ ಬಿದ್ದೇ ಬೀಳುತ್ತದೆ. ಕೆಡಂಪಿಗೆ ಬೇಕಾಗುವಷ್ಟು ಸ್ಮೃತಿಯಿಲ್ಲದ ಸಣ್ಣ ಯಂತ್ರಗಳಿಗೆ ‘ಪಿಸ್ಟೋರ್’ ಎಂಬುದು ೨೦೧೧ರಿಂದ ಒದಗಿತು. ತಿರುಳಿನ ಕೊನೆಯ ಮಾತುಗಳನ್ನು ಮರಳಿ ಎದ್ದರೂ ಅಳಿಯದ ಸ್ಮೃತಿಯ ಮೂಲೆಯಲ್ಲಿ ಬರೆದಿಡುವುದು ಅದರ ಕೆಲಸ. ಕೆಪ್ರೋಬ್ಸು ಕೂಡ ಈ ದಾರಿಯಲ್ಲಿಯೇ ಮುಂದುವರಿಯಿತು. ೨೦೦೫ರಲ್ಲಿ ಬಂದ ಸಿಸ್ಟಮ್‌ಟ್ಯಾಪ್ ಎಂಬ ಸಲಕರಣೆಗೂ, ೨೦೧೫ರ ಬಳಿಕ ‘ಈಬಿಪಿಎಫ್’ ಎಂಬ ಹೆಸರಿನ ಕಿರು ಶೋಧಕಾರ್ಯಕ್ರಮಗಳಿಗೂ ಅದು ಅಡಿಪಾಯವಾಯಿತು. ಸುಪರ್ಣ ಭಟ್ಟಾಚಾರ್ಯ ಅವರು ಸೇರಿಸಿದ್ದ ಭಾಗಕ್ಕೆ ಇವುಗಳಿಂದ ಬೇರೆ ಮಾರ್ಗಗಳು ದೊರೆತುದರಿಂದ ೨೦೧೮ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಒಕ್ಕಣೆಯಲ್ಲಿ ಹೆಸರು ಉಳಿದಿದೆ.

ಡೀಬಗ್ ಎಲ್‌ಎಲ್‌ನ ಕಥೆಯೂ ಇಲ್ಲಿ ಹೇಳತಕ್ಕದ್ದು. ೨೦೧೨ರಲ್ಲಿ ಒಂದೇ ಆರ್ಮ್ ತಿರುಳು ಹಲವು ಸಂಸ್ಥೆಗಳ ಯಂತ್ರಗಳಲ್ಲಿ ಏಳುವಂತೆ ಏರ್ಪಾಡಾಯಿತು. ಕಟ್ಟುವಾಗಲೇ ಒಂದು ವಿಳಾಸವನ್ನು ಹೇಳಬೇಕೆಂಬ ಈ ವಿಕಲ್ಪವು ಅಂಥ ತಿರುಳಿಗೆ ಹೊಂದದು. ಅದನ್ನು ಒಪ್ಪಿದರೆ ತಿರುಳು ಮತ್ತೆ ಒಂದೇ ಯಂತ್ರದ್ದಾಗುತ್ತದೆ. ವಿಳಾಸವನ್ನು ಏಳುವ ಹೊತ್ತಿನಲ್ಲಿ ತಿಳಿದುಕೊಳ್ಳುವ ‘ಅರ್ಲಿಕಾನ್’ ಎಂಬ ಬೇರೆ ಮಾರ್ಗವು ಬಂದಿತು. ೬೪-ಬಿಟ್ಟಿನ ಆರ್ಮ್‌ನಲ್ಲಿ ಡೀಬಗ್ ಎಲ್‌ಎಲ್ ಇಲ್ಲವೇ ಇಲ್ಲ. ಇಲ್ಲಿಯೂ ನಿರ್ಧಾರದ ಕಾಲವು ಕಟ್ಟುವ ದಿನದಿಂದ ಓಡುವ ದಿನಕ್ಕೆ ಸರಿದುದನ್ನು ಕಾಣಬಹುದು.

ಹೀಗೆ ಸರಿದುದರಿಂದ ಹೊಸದೊಂದು ಶಂಕೆಯೂ ಹುಟ್ಟಿತು. ಓಡುವ ತಿರುಳಿನ ಒಳಗನ್ನು ಯಾವಾಗ ಬೇಕಾದರೂ ನೋಡಬಹುದೆಂದರೆ, ನೋಡಬಾರದವನೂ ನೋಡಬಹುದು. ಏಷಣಿಯು ವೈದ್ಯನ ಕೈಯಲ್ಲಿಯೇ ಇರುತ್ತದೆಂಬ ಭರವಸೆಯೇನು? ೨೦೧೯ರಲ್ಲಿ ೫.೪ನೆಯ ಆವೃತ್ತಿಗೆ ಸೇರಿದ ‘ಲಾಕ್‌ಡೌನ್’ ಎಂಬ ವಿಕಲ್ಪವು ತನ್ನ ಅತಿ ಕಟ್ಟುನಿಟ್ಟಿನ ದರ್ಜೆಯಲ್ಲಿ, ಯಂತ್ರದ ಒಡೆಯನಿಗೇ ಕೆಪ್ರೋಬ್ಸಿನ ಬಳಕೆಯನ್ನು ತಡೆಯುತ್ತದೆ. ಆಗ ಯಂತ್ರವು ಮತ್ತೆ ಶಾಸನದ ಸ್ಥಿತಿಗೆ ಬರುತ್ತದೆ. ಮುಂಚೆ ಕೆತ್ತಿದುದಷ್ಟನ್ನೇ ಹೇಳುತ್ತದೆ.

೭. ಉಪಸಂಹಾರ

ಮೇಲೆ ನಿರೂಪಿಸಿದುದರಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ದೋಷಶೋಧನದ ವಿಕಲ್ಪಗಳ ಚರಿತ್ರೆಯು ಮುಖ್ಯವಾಗಿ ನಿರ್ಧಾರದ ಕಾಲದ ಚರಿತ್ರೆ. ಕಟ್ಟುವವನು ಮುಂಚಿತವಾಗಿ ಹೇಳಬೇಕಾಗಿದ್ದುದು ಕ್ರಮೇಣ ನೋಡುವವನು ಬೇಕಾದಾಗ ಕೇಳುವಂತಾಯಿತು. ಈ ಮಾರ್ಪಾಡಿನಲ್ಲಿ ೨೦೦೨ರಿಂದ ೨೦೦೫ರವರೆಗಿನ ಬೆಂಗಳೂರಿನ ಕೆಲಸಕ್ಕೆ ನಿಶ್ಚಿತವಾದ ಸ್ಥಾನವುಂಟು, ಅದಕ್ಕೆ ಪ್ರಮಾಣವು ಮೂಲಪಾಠದಲ್ಲಿಯೇ ದೊರೆಯುತ್ತದೆ. ಮೂರನೆಯದಾಗಿ, ಈ ಮಾರ್ಪಾಡು ಸಂಪೂರ್ಣವಾದುದಲ್ಲ. ಕೆಪ್ರೋಬ್ಸ್ ಎಂಬುದೂ ಒಂದು ವಿಕಲ್ಪವೇ ಆದಕಾರಣ, ಮುಂದೆ ಕೇಳುವ ಹಕ್ಕು ಇರಬೇಕೇ ಎಂಬುದನ್ನು ಕಟ್ಟುವ ದಿನವೇ ಆರಿಸಬೇಕು. ಅಂದು ‘ಅಲ್ಲ’ ಎಂದವನು ಮುಂದೆ ಕೇಳಲಾರನು.

ವೇಮಗಲ್ಲಿನಂಥ ಊರುಗಳಲ್ಲಿ ಇಂಥ ಯಂತ್ರಗಳ ಜೋಡಣೆಯೂ ಪರೀಕ್ಷೆಯೂ ನಡೆಯತೊಡಗಿದುದರಿಂದ, ಈ ‘ಹೌದು’ ‘ಅಲ್ಲ’ಗಳು ಕೋಲಾರದ ಸೀಮೆಯ ತರುಣರ ಕೈಗೂ ಬರುವ ಕಾಲ ದೂರವಿಲ್ಲ. ಅವರ ಮುಂದಿರುವ ವೃತ್ತಿಗಳೆಲ್ಲ ಇಂಗ್ಲಿಷಿನಲ್ಲಿವೆ. ಸೂತ್ರವನ್ನೂ ವೃತ್ತಿಯನ್ನೂ ವಿಕಲ್ಪವನ್ನೂ ಶತಮಾನಗಳಿಂದ ಬಲ್ಲ ಭಾಷೆಯಲ್ಲಿ ಈ ಶಾಸ್ತ್ರದ ಪರಿಭಾಷೆಯನ್ನು ಕಟ್ಟುವ ಕೆಲಸವು ಪಂಡಿತರಿಗೂ ಇಂಜಿನಿಯರುಗಳಿಗೂ ಸಮನಾಗಿ ಸೇರಿದುದು. ರೈಸ್ ಅವರ ಸಂಪುಟವನ್ನು ಬಳಸಿದವರು, ಸವೆದ ಸಾಲಿನ ಮುಂದೆ ಕುಳಿತು, ಕೆತ್ತಿದವನು ಇನ್ನೊಂದು ಮಾತನ್ನು ಹೇಳಿದ್ದರೆ ಆಗುತ್ತಿತ್ತಲ್ಲವೇ ಎಂದು ಹಲವು ಸಲ ಹಂಬಲಿಸಿರುತ್ತಾರೆ. ನೆಲವನ್ನು ಬಿಟ್ಟ ಯಂತ್ರದ ಮುಂದೆ ಕುಳಿತವನ ಹಂಬಲವೂ ಅದೇ.